ಮೇಜಿನ ಅಡಿ ಬಗ್ಗಿ ನೋಡುತ್ತ: ಶಾಂಘೈ, ಸುಝೌ, ಬೀಜಿಂಗ್

ಮೊದಲ ದಿನ: ಶಾಂಘೈ

ಚೀನಾದ ವಿದ್ವಾಂಸರ ಓದುಕೋಣೆಯಲ್ಲಿದ್ದ ಹಳೆಯ ಗಟ್ಟಿಮರದ ಮೇಜು, ಕುರ್ಚಿ, ಬೀರುಗಳನ್ನು ನೋಡಲೆಂದೇ ಹೊರಡುವವರು ಶಾಂಘೈಯಿಂದ ಶುರು ಮಾಡಬೇಕು. ಬೀಜಿಂಗಿನ ಅರಮನೆಯನ್ನು ಮೊದಲು ನೋಡಿದರೆ ಕೆತ್ತನೆಯ ಅಬ್ಬರಕ್ಕೆ ಕಣ್ಣು ಒಗ್ಗಿಬಿಡುತ್ತದೆ. ಆಮೇಲೆ ಮಿಂಗ್ ರಾಜವಂಶದ ಕಾಲದ (1368–1644) ಸರಳ ಕುರ್ಚಿ ಸಪ್ಪೆಯಾಗಿ ಕಾಣುತ್ತದೆ. ಶಾಂಘೈ ಮ್ಯೂಸಿಯಂ ಈಗ ಎರಡು ಕಟ್ಟಡಗಳಲ್ಲಿದೆ, ಪೀಪಲ್ಸ್ ಸ್ಕ್ವೇರ್‌ನಲ್ಲಿ ಹಳೆಯದು, ಪುಡಾಂಗ್‌ನಲ್ಲಿ ಹೊಸದು. ಪೀಠೋಪಕರಣಗಳ ಗ್ಯಾಲರಿ ಯಾವುದರಲ್ಲಿ ತೆರೆದಿದೆ ಎಂದು ಮೊದಲೇ ನೋಡಿಕೊಂಡು ಹೊರಡಿ. ಎರಡು ಕಟ್ಟಡಗಳ ನಡುವೆ ಓಡಾಡುತ್ತ ಕೂತರೆ ಅರ್ಧ ದಿನ ಹೋಗುತ್ತದೆ. ಪಾಸ್‌ಪೋರ್ಟ್ ಕೈಯಲ್ಲಿರಲಿ.

ಇಲ್ಲಿನ ಸಂಗ್ರಹದ ಜೀವಾಳ ವಾಂಗ್ ಶಿಶಿಯಾಂಗ್ (1914–2009) ಕೂಡಿಟ್ಟ 79 ವಸ್ತುಗಳು. ಮಿಂಗ್ ಶೈಲಿಯ ಪೀಠೋಪಕರಣಕ್ಕೆ ಶಾಸ್ತ್ರವೊಂದನ್ನು ಕಟ್ಟಿಕೊಟ್ಟ ವಿದ್ವಾಂಸ ಆತ. ಹಳೆಯ ಬಡಗಿಗಳ ಜೊತೆ ಕೂತು, ಮರದ ತುಂಡುಗಳು ಕೂಡುವ ಒಂದೊಂದು ಕೀಲಿನ ಹೆಸರನ್ನೂ ಅವರ ಬಾಯಿಂದಲೇ ಕೇಳಿ ಬರೆದುಕೊಂಡಿದ್ದ. 1993ರಲ್ಲಿ ಆ ಸಂಗ್ರಹ ಈ ಮ್ಯೂಸಿಯಂ ಸೇರಿತು.

ಮೊದಲು ಹುಡುಕಿ ನೋಡಬೇಕಾದದ್ದು ದೊಡ್ಡದೊಂದು ಚಿತ್ರ ಬರೆಯುವ ಮೇಜನ್ನು. ಕಪ್ಪಿಗೆ ತಿರುಗಿದ ನೇರಳೆ ಬಣ್ಣ. ಉದ್ದ ಸುಮಾರು 193 ಸೆಂ.ಮೀ., ಅಗಲ 102, ಎತ್ತರ 83. ಒಂದೂ ಡ್ರಾಯರ್ ಇಲ್ಲ. ಚಿತ್ರ ಬರೆಯುವವರು ನಿಂತೇ ಬರೆಯುತ್ತಾರೆ, ಕಾಗದದ ಸುರುಳಿಯನ್ನು ಎರಡೂ ಕಡೆಗೆ ಬಿಚ್ಚುತ್ತಾರೆ. ಅದಕ್ಕೇ ಇಷ್ಟು ಅಗಲ ಬೇಕು, ಮೊಣಕಾಲಿಗೆ ಏನೂ ಅಡ್ಡ ಬರಬಾರದು. ಮೇಜಿನ ಅಂಚಿನಲ್ಲಿ 1907ರಲ್ಲಿ ಕೊರೆಸಿದ ಬರಹವಿದೆ. ಮೇಜು ಶಾಂಗ್‌ಚಿಯು ಊರಿನ ಸೊಂಗ್ ಮನೆತನದಿಂದ ಬಂದದ್ದು ಎಂದು ಅದು ಹೇಳುತ್ತದೆ. ಮರ ಯಾವುದು? ಚೀನೀಯರು ಜಿತಾನ್ ಎನ್ನುವ ಮರ. ನಾವು ರಕ್ತಚಂದನ ಎನ್ನುತ್ತೇವೆ. ಅದರ ಮಾತು ಬೀಜಿಂಗಿನಲ್ಲಿ ಬರುತ್ತದೆ.

ಬರಹ ನೋಡಿದ ಮೇಲೆ ಕಾಲಿನ ಕಡೆ ಬನ್ನಿ. ಕಾಲು ಮತ್ತು ಮೇಜಿನ ಕೆಳಗಿನ ಅಲಂಕಾರದ ಪಟ್ಟಿ ಕೂಡುವ ಕಡೆ ಈಟಿಯ ಮೊನೆಯ ಆಕಾರದ ಗೆರೆ ಕಾಣುತ್ತದೆ. ಕಾಲಿನ ತಲೆಯನ್ನು ನಡುವೆ ಸೀಳಿ, ಹೊರಮೈಯನ್ನು ಮೊನಚಾಗಿ ಕೆತ್ತಿರುತ್ತಾರೆ; ಪಟ್ಟಿಯಲ್ಲಿ ಅದೇ ಅಳತೆಯ ತಗ್ಗು. ಪಟ್ಟಿ ಸೀಳಿನೊಳಗೆ ಇಳಿದಾಗ ಕಾಲು, ಪಟ್ಟಿ ಎರಡರ ಮೈಯೂ ಸಮವಾಗಿ ಒಂದಾಗುತ್ತದೆ. ಮೇಲಿನ ಭಾರ ಹೆಚ್ಚಿದಷ್ಟೂ ಕೀಲು ಬಿಗಿಯಾಗುತ್ತದೆ. ಮೊಳೆ ಇಲ್ಲ. ಸಾಗಿಸಬೇಕಾದಾಗ ಮೇಲ್ಹಲಗೆ ಎತ್ತಿ, ಕಾಲು ಬಿಚ್ಚಿ, ಕಟ್ಟಿಕೊಂಡು ಹೋಗಬಹುದು.

ಗ್ಯಾಲರಿಯಲ್ಲಿ ಮಿಕ್ಕ ಸಮಯವನ್ನೆಲ್ಲ ಮೂರು ಕೀಲುಗಳಿಗೆ ಕೊಟ್ಟರೂ ನಷ್ಟವಿಲ್ಲ. ಮೊದಲನೆಯದು ಮೇಲ್ಹಲಗೆಯ ಚೌಕಟ್ಟು. ಉದ್ದದ ಎರಡು ಪಟ್ಟಿಗಳ ತುದಿಯಲ್ಲಿ ಚಾಚಿದ ನಾಲಿಗೆ, ಗಿಡ್ಡನೆಯ ಎರಡರಲ್ಲಿ ಅದು ಕೂರುವ ಕುಳಿ. ಮೂಲೆಯಲ್ಲಿ 45 ಡಿಗ್ರಿಗೆ ಕೂಡಿಸಿ ಚೌಕಟ್ಟು ಕಟ್ಟುತ್ತಾರೆ. ಚೌಕಟ್ಟಿನ ಒಳ ಅಂಚಿಗೆ ಸುತ್ತಲೂ ಗಾಡಿ (ಉದ್ದನೆಯ ಕಿರಿದಾದ ತೋಡು) ತೆಗೆದು ತೆಳುವಾದ ಹಲಗೆಯನ್ನು ಅದರೊಳಗೆ ಕೂರಿಸುತ್ತಾರೆ. ಹಲಗೆಗೆ ಅಂಟಿಲ್ಲ. ಮರ ಉದ್ದಕ್ಕೆ ಹಿಗ್ಗುವುದು ನಗಣ್ಯ, ಎಳೆಗೆ ಅಡ್ಡಲಾಗಿ ಮಾತ್ರ ಮಳೆಗಾಲದಲ್ಲಿ ಹಿಗ್ಗಿ ಚಳಿಗಾಲದಲ್ಲಿ ಕುಗ್ಗುತ್ತದೆ. ಆ ಓಡಾಟಕ್ಕೆ ಗಾಡಿಯೊಳಗೆ ಜಾಗ ಬಿಟ್ಟಿರುತ್ತಾರೆ. ಹಲಗೆ ಬಾಗದಂತೆ ಅಡಿಯಲ್ಲಿ ಅಡ್ಡಪಟ್ಟಿಗಳಿರುತ್ತವೆ. ಅವನ್ನೂ ಅಂಟಿಸುವುದಿಲ್ಲ, ಒಳಗೆ ಅಗಲ, ಬಾಯಿ ಕಿರಿದಾದ ಗಾಡಿಯಲ್ಲಿ ಪಕ್ಕದಿಂದ ಜಾರಿಸುತ್ತಾರೆ. ಮುನ್ನೂರು, ನಾನ್ನೂರು ವರ್ಷದ ಹಲಗೆ ಸೀಳದೆ ಉಳಿದಿರುವ ಕಾರಣ ಇಷ್ಟೇ: ಮರವನ್ನು ಬಿಗಿಹಿಡಿಯದೆ ಅದರ ಓಡಾಟಕ್ಕೆ ಬಿಟ್ಟದ್ದು. ಇಂಥ ಹಲಗೆಗೆ ಯಾರಾದರೂ ಒಮ್ಮೆ ಮೊಳೆ ಹೊಡೆದರೆ, ಇಲ್ಲವೇ ಗಾಡಿಗೆ ಫೆವಿಕಾಲ್ ತುಂಬಿದರೆ, ಮುಂದಿನ ಒಣಹವೆಗೆ ಎಳೆಯುದ್ದಕ್ಕೂ ಬಿರುಕು ಬಿಡುತ್ತದೆ.

ಎರಡನೆಯದು ಮೇಜಿನ ಕಾಲಿನ ಒಳಬದಿಯಿಂದ ಮೇಲ್ಹಲಗೆಯ ಅಡಿಗೆ ಓರೆಯಾಗಿ ಬಾಗಿ ಏರುವ ತೋಳು. ಇದು ಬಗ್ಗದೆ ಕಾಣುವುದಿಲ್ಲ. ತೋಳಿನ ಕೆಳತುದಿಯ ನಾಲಿಗೆ ಮೇಲ್ಮುಖದ ಕೊಕ್ಕೆಯಂತಿದೆ. ಕಾಲಿನ ಕುಳಿ ಅದಕ್ಕಿಂತ ಉದ್ದ, ಕೆಳಗಡೆ ಅಗಲ. ನಾಲಿಗೆಯನ್ನು ಕೆಳಗಿನಿಂದ ತೂರಿಸಿ ಮೇಲಕ್ಕೆ ತಳ್ಳಿ, ಖಾಲಿ ಉಳಿದ ಕೆಳಭಾಗಕ್ಕೆ ಚಿಕ್ಕ ಬೆಣೆ ಹೊಡೆಯುತ್ತಾರೆ. ಬೆಣೆ ಇರುವವರೆಗೆ ತೋಳು ಹೊರಬರಲಾರದು. ಮೇಲ್ತುದಿಯನ್ನು ಅಡಿಯ ಅಡ್ಡಪಟ್ಟಿಗೆ ಮರದ ಗೂಟದಿಂದ ಬಂಧಿಸುತ್ತಾರೆ. ಮೇಜು ಓಲಾಡದಿರಲು ಕಾಲುಗಳ ನಡುವೆ ಅಡ್ಡಪಟ್ಟಿ ಹಾಕಲೇಬೇಕಿತ್ತು. ಈ ತೋಳು ಆ ಕೆಲಸವನ್ನು ತಾನು ಹೊತ್ತುಕೊಂಡು ಕೂತವರ ಮೊಣಕಾಲಿಗೆ ಜಾಗ ಬಿಟ್ಟುಕೊಟ್ಟಿದೆ.

ಮೂರನೆಯದು ಕುರ್ಚಿಯದು. ಹಿಂದಿನ ಕಾಲು ಮತ್ತು ಒರಗಿನ ಕಂಬ ಒಂದೇ ಮರ. ಅದು ಆಸನದ ಚೌಕಟ್ಟಿನ ಮೂಲೆಯಲ್ಲಿ ತೂರಿಕೊಂಡು ಮೇಲೆ ಹೋಗುತ್ತದೆ. ಹಾಗಾಗಿ ಬೆನ್ನು ಒರಗಿಸಿದ ಭಾರ ಕೀಲಿನ ಮೇಲೆ ಬೀಳದೆ ನೇರ ನೆಲಕ್ಕೆ ಇಳಿಯುತ್ತದೆ. ಕಾಲುಗಳ ನಡುವಿನ ಅಡ್ಡಪಟ್ಟಿಗಳು ಎಷ್ಟೋ ಕುರ್ಚಿಗಳಲ್ಲಿ ಒಂದೇ ಎತ್ತರದಲ್ಲಿಲ್ಲ: ಮುಂದಿನದು ಕೆಳಗೆ, ಪಕ್ಕದವು ಅದಕ್ಕಿಂತ ಮೇಲೆ, ಹಿಂದಿನದು ಎಲ್ಲಕ್ಕಿಂತ ಮೇಲೆ. ಒಂದೇ ಎತ್ತರದಲ್ಲಿ ಎರಡು ಬದಿಯಿಂದ ಕುಳಿ ಕೊರೆದರೆ ಕಾಲು ಆ ಜಾಗದಲ್ಲೇ ಸೊರಗುತ್ತದೆ. ಆಸನ ಸುಮಾರು 50 ಸೆಂ.ಮೀ. ಎತ್ತರ. ನಮ್ಮ ಊಟದ ಮೇಜಿನ ಕುರ್ಚಿಗಿಂತ ಎತ್ತರವಾಗಿರಲು ಕಾರಣ, ಕೂತವರು ಕಾಲನ್ನು ನೆಲದ ಮೇಲಲ್ಲ, ಮುಂದಿನ ಅಡ್ಡಪಟ್ಟಿಯ ಮೇಲೆ ಇಡುತ್ತಿದ್ದರು. ಹಳೆಯ ಕುರ್ಚಿಯಲ್ಲಿ ಆ ಪಟ್ಟಿ ಸವೆದು ತಗ್ಗಾಗಿರುತ್ತದೆ.

ಎರಡನೆಯ ದಿನ: ಸುಝೌ, ತೋಟದ ಮನೆಗಳು

ಶಾಂಘೈಯಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆ. ಮ್ಯೂಸಿಯಂನಲ್ಲಿ ಬಿಡಿಬಿಡಿಯಾಗಿ ಕಂಡದ್ದು ಇಲ್ಲಿ ಕೋಣೆಯೊಳಗೆ ಕೂಡಿಕೊಳ್ಳುತ್ತದೆ. 1567ರಲ್ಲಿ ಮಿಂಗ್ ಸರ್ಕಾರ ಖಾಸಗಿ ಸಮುದ್ರ ವ್ಯಾಪಾರದ ಮೇಲಿನ ನಿಷೇಧ ಸಡಿಲಿಸಿದ ಮೇಲೆ ಆಗ್ನೇಯ ಏಷ್ಯಾದ ಗಟ್ಟಿಮರ ಹೆಚ್ಚು ಹೆಚ್ಚಾಗಿ ಬರತೊಡಗಿತು. ರೇಷ್ಮೆಯ ವ್ಯಾಪಾರದಿಂದ ಹಣವೂ, ಸಾಮ್ರಾಜ್ಯದ ಆಡಳಿತ ಸೇವೆಯ ಪರೀಕ್ಷೆ ಪಾಸಾದ ಓದಿಕೊಂಡ ಅಧಿಕಾರಿಗಳಿಂದ ಅಭಿರುಚಿಯೂ ಇದ್ದ ಊರು ಸುಝೌ. ಇಲ್ಲಿನ ತೋಟಗಳಲ್ಲಿ ಮೊದಲ ನಾಲ್ಕು 1997ರಲ್ಲಿ, ಇನ್ನೂ ಕೆಲವು 2000ದಲ್ಲಿ ಯುನೆಸ್ಕೊ ಪಟ್ಟಿ ಸೇರಿದವು.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ವಾಂಗ್‌ಶಿ ತೋಟಕ್ಕೆ ಹೋಗಿ. ಚಿಕ್ಕ ತೋಟ, ಗುಂಪು ಪ್ರವಾಸಿಗಳು ಬಂದ ಮೇಲೆ ಕಿಟಕಿಯ ಹತ್ತಿರ ನಿಲ್ಲಲೂ ಜಾಗವಿರುವುದಿಲ್ಲ. ಪಶ್ಚಿಮದ ಮೂಲೆಯಲ್ಲಿ ದಿಯಾನ್‌ಚುನ್‌ಯಿ ಎಂಬ ಓದುಕೋಣೆ ಮತ್ತು ಅದರ ಅಂಗಳವಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ 1981ರಲ್ಲಿ ತೆರೆದ ಚೀನೀ ಅಂಗಳಕ್ಕೆ ಮಾದರಿ ಇದೇ. ಕಟ್ಟಿದವರೂ ಸುಝೌ ಕುಶಲಕರ್ಮಿಗಳೇ. ಕೋಣೆಯ ಹಿಂದೆ ಕಿರಿದಾದ ಬಯಲು ಬಿಟ್ಟು ಅಲ್ಲಿ ಬಿದಿರು, ಕಲ್ಲು ಇಟ್ಟಿದ್ದಾರೆ. ಉತ್ತರದ ಕಿಟಕಿಗಳ ಚೌಕಟ್ಟಿನಲ್ಲಿ ಅವು ಚಿತ್ರಪಟವಾಗುತ್ತವೆ. ಗೋಡೆಗೆ ತಗುಲುಹಾಕಿದ ಚಿತ್ರ, ಕಿಟಕಿಯ ಚಿತ್ರ, ಎರಡರ ನಡುವೆ ಮೇಜು. ಮೇಜಿಗೆ ಕೆತ್ತನೆ ಯಾಕಿಲ್ಲ ಎಂಬುದು ಆ ಕೋಣೆಯಲ್ಲಿ ನಿಂತಾಗಲೇ ತಿಳಿಯುವುದು: ನೋಡಬೇಕಾದದ್ದು ಅಲ್ಲಿ ಬೇರೆಯೇ ಇದೆ.

ಒಂದು ಎಚ್ಚರಿಕೆ. ತೋಟಗಳ ಕೋಣೆಗಳಲ್ಲಿ ಈಗ ಇಟ್ಟಿರುವುದರಲ್ಲಿ ಹೆಚ್ಚಿನವು ಮಿಂಗ್ ನಂತರದ ಚಿಂಗ್ ರಾಜವಂಶದ ಕಾಲದವು, ಕೆಲವು ಅದಕ್ಕೂ ಈಚಿನವು. ಲಿಯು ತೋಟದ ದೊಡ್ಡ ಸಭಾಂಗಣಗಳಲ್ಲಿ ಯುನ್ನಾನ್‌ನ ದಾಲಿ ಅಮೃತಶಿಲೆಯ ಬಿಲ್ಲೆ ಕೂರಿಸಿದ ಭಾರಿ ಕುರ್ಚಿಗಳು ಗೋಡೆಗೆ ಬೆನ್ನು ಹಾಕಿ ಸಾಲಾಗಿ ಕೂತಿವೆ. ಅತಿಥಿಗಳ ಅಂತಸ್ತು ನೋಡಿ ಕೂರಿಸುವ ಸಭಾಂಗಣಕ್ಕೆ ಅದು ಸರಿ. ಓದುಕೋಣೆಯ ರೀತಿ ಬೇರೆ. ಸುಝೌನವನೇ ಆದ ವೆನ್ ಝೆನ್‌ಹೆಂಗ್ (1585–1645) ಇದನ್ನು ಖಡಾಖಂಡಿತವಾಗಿ ಬರೆದಿಟ್ಟಿದ್ದಾನೆ: ಕೋಣೆಯಲ್ಲಿ ನಾಲ್ಕು ಕುರ್ಚಿ, ಒಂದು ಮಂಚ, ಇಷ್ಟೇ ಸಾಕು, ಕುರ್ಚಿಗಳನ್ನು ಗೋಡೆಯುದ್ದಕ್ಕೂ ಜೋಡಿಸಬಾರದು, ಮರೆಪರದೆ ಒಂದೇ ಇರಲಿ, ಉದ್ದದ ಮೇಜು ಕೋಣೆಯ ಎಡಭಾಗದಲ್ಲಿ ಪೂರ್ವಕ್ಕೆ ಮುಖವಾಗಿರಲಿ, ಕಿಟಕಿಗೆ ತೀರ ಹತ್ತಿರ ಬೇಡ, ಗಾಳಿ ಬಿಸಿಲು ತಾಗುತ್ತದೆ. ಕೊನೆಯ ಮಾತು ಮರದ ಬಾಳಿಕೆಗೂ ಸೇರಿದ್ದು. ಒಂದು ಬದಿಗೆ ಮಾತ್ರ ಬಿಸಿಲು ಬಿದ್ದ ಹಲಗೆ ಒಂದೇ ಬದಿಯಲ್ಲಿ ಒಣಗಿ ಸೊಟ್ಟಗಾಗುತ್ತದೆ, ಬಣ್ಣವೂ ಕಂದುತ್ತದೆ.

ಮಧ್ಯಾಹ್ನ ಯಿಪು ತೋಟ. ಊರಿನ ಓಣಿಗಳೊಳಗೆ ಅಡಗಿದೆ, ಜನ ಕಡಿಮೆ. ವೆನ್ ಝೆನ್‌ಹೆಂಗ್‌ನ ಅಣ್ಣ ವೆನ್ ಝೆನ್‌ಮೆಂಗ್ ಇದರ ಒಡೆಯನಾಗಿದ್ದ. ನೀರಿನಂಚಿನ ಚಹಾ ಮಂಟಪದಲ್ಲಿ ಕೂತು ಕಾಲು ಚಾಚಿ. ಸುಝೌ ಮ್ಯೂಸಿಯಂಗೂ ಹೋಗುವುದಿದ್ದರೆ ದಿನಗಳ ಮೊದಲೇ ಬುಕ್ ಮಾಡಬೇಕು, ಪ್ರವೇಶ ಉಚಿತ, ಸೋಮವಾರ ರಜೆ. 2006ರಲ್ಲಿ ತೆರೆದ ಐ. ಎಂ. ಪೇ ವಿನ್ಯಾಸದ ಕಟ್ಟಡ ಅದು.

ಮೂರನೆಯ ದಿನ: ಗುವಾಂಗ್‌ಫು, ಬಡಗಿಗಳ ಕಡೆ

ಸುಝೌನ ಮಿಂಗ್ ಶೈಲಿಯ ಪೀಠೋಪಕರಣ ತಯಾರಿಕೆ 2006ರಲ್ಲಿ ಚೀನಾದ ರಾಷ್ಟ್ರೀಯ ಅಮೂರ್ತ ಪರಂಪರೆಯ ಮೊದಲ ಪಟ್ಟಿಯಲ್ಲೇ ಸೇರಿತು. ತೈಹು ಸರೋವರದ ದಿಕ್ಕಿನಲ್ಲಿರುವ ಗುವಾಂಗ್‌ಫು ಕಡೆ ಇಂದಿಗೂ ಈ ಕೆಲಸದ ಕಾರ್ಖಾನೆಗಳಿವೆ. ಮೊದಲೇ ಹೇಳಿಕೊಂಡು, ಚೀನೀ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಇಲ್ಲಿ ನೋಡಬೇಕಾದದ್ದು ಕೆಲಸದ ಸರಣಿ. ಹಲಗೆ ಕುಯ್ದು ಒಣಗಿಸಿದ ಮೇಲೆ ಗುರುತು ಹಾಕಿ ಕೀಲು ಕೊರೆಯುತ್ತಾರೆ. ಅಂಟಿಲ್ಲದೆ ಇಡೀ ಕುರ್ಚಿಯನ್ನು ಒಮ್ಮೆ ಜೋಡಿಸಿ ನೋಡುತ್ತಾರೆ, ಮತ್ತೆ ಬಿಚ್ಚುತ್ತಾರೆ. ಕೀಲು ತೀರ ಬಿಗಿಯಾದರೆ ಕುಳಿಯ ತುಟಿ ಸೀಳುತ್ತದೆ. ಸಡಿಲಾದರೆ ಅಂಟು ಅದನ್ನು ಹಿಡಿದಿಡಲಾರದು. ಹಳೆಯ ಅಂಟು ಮೀನಿನ ಗಾಳಿಚೀಲದ್ದು: ನೆನೆಸಿ, ಕುಟ್ಟಿ, ನೇರ ಬೆಂಕಿ ತಾಗದಂತೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ ಸೋಸುತ್ತಾರೆ. ಇದರ ದೊಡ್ಡ ಗುಣ, ಬಿಸಿ ಮತ್ತು ತೇವ ತಾಗಿಸಿದರೆ ಬಿಟ್ಟುಕೊಳ್ಳುವುದು. ನೂರು ವರ್ಷ ಬಿಟ್ಟು ಕಾಲೊಂದು ಮುರಿದರೆ ಬಡಗಿ ಕುರ್ಚಿಯನ್ನು ಬಿಚ್ಚಿ ಆ ಒಂದು ಭಾಗ ಮಾತ್ರ ಬದಲಿಸಬಲ್ಲ. ಈಗಿನ ಬಿಳಿ ಅಂಟು ಅಥವಾ ಎಪಾಕ್ಸಿ ಹಾಕಿದ ಕೀಲು ಬಿಚ್ಚಲು ಹೋದರೆ ಅಂಟಿನ ಬದಲು ಮರವೇ ಕಿತ್ತು ಬರುತ್ತದೆ. ದುರಸ್ತಿಗೆ ಕೊಡುವವರು ಕೇಳಲೇಬೇಕಾದ ಪ್ರಶ್ನೆ ಇದು: ಯಾವ ಅಂಟು ಹಾಕುತ್ತೀರಿ?

ಮೈ ನಯ ಮಾಡಲು ಚಪ್ಪಟೆ ಉಕ್ಕಿನ ಪಟ್ಟಿಯಿಂದ ಕೆರೆದು, ಆಮೇಲೆ ಹಿಂದೆಲ್ಲ ನೆನೆಸಿದ ಒಂದು ಜಾತಿಯ ಗಂಟುಗಂಟಾದ ಹುಲ್ಲಿನಿಂದ ಉಜ್ಜುತ್ತಿದ್ದರು. ಅದರ ಕಾಂಡದಲ್ಲಿ ಸಿಲಿಕಾ ಇದೆ. ಈಗ ಮರಳುಕಾಗದ. ಕೊನೆಯ ಲೇಪದಲ್ಲಿ ಎರಡು ಪದ್ಧತಿ. ಒಣಹವೆಯ ಬೀಜಿಂಗಿನಲ್ಲಿ ಬಿಸಿ ಮೇಣ. ತೇವದ ಸುಝೌನಲ್ಲಿ ಲ್ಯಾಕರ್ ಮರದ ಹಸಿ ಸೊನೆಯನ್ನು ತೆಳ್ಳಗೆ ಹಚ್ಚಿ, ಬಟ್ಟೆಯಿಂದ ಒರೆಸಿ ತೆಗೆದು, ಒಣಗಿಸಿ, ಮತ್ತೆ ಹಚ್ಚುವುದು. ಹೀಗೆ ಹಲವು ಸುತ್ತು. ಈ ಸೊನೆ ಬಿಸಿಲಿನಲ್ಲಿ ಒಣಗುವುದಿಲ್ಲ. ಅದು ಗಟ್ಟಿಯಾಗಲು ತೇವ ಬೇಕು. ಹಾಗಾಗಿ ನೆಲಕ್ಕೆ ನೀರು ಚಿಮುಕಿಸಿದ ಮುಚ್ಚಿದ ಕೋಣೆಯಲ್ಲಿ ಇಡುತ್ತಾರೆ. ಹಸಿ ಲೇಪ ಮುಟ್ಟಬೇಡಿ. ಇದು ಗೇರುಮರದ ಕುಟುಂಬದ್ದೇ ಮರ. ಹಸಿ ಗೇರುಬೀಜದ ಎಣ್ಣೆ ತಾಗಿ ಚರ್ಮ ಸುಟ್ಟುಕೊಂಡ ಕರಾವಳಿಯವರಿಗೆ ಹೆಚ್ಚು ಹೇಳಬೇಕಿಲ್ಲ.

ಆಸನ ಹೆಣೆಯುವವರ ಹತ್ತಿರ ನಿಂತು ನೋಡಿ. ಚೌಕಟ್ಟಿನ ಒಳ ಅಂಚಿನಲ್ಲಿ ಸಾಲಾಗಿ ತೂತು, ಕೆಳಗಡೆ ತಾಳೆನಾರಿನ ಹುರಿಯ ಜಾಲ, ಮೇಲೆ ಸಣ್ಣ ಬೆತ್ತದ ಹೆಣಿಗೆ. ಭಾರ ಹೊರುವುದು ನಾರು, ಮೈಗೆ ತಾಗುವುದು ಬೆತ್ತ. ಹೆಣಿಗೆ ಒಣಗಿ ಹರಿದಾಗ ಎಷ್ಟೋ ಕುರ್ಚಿಗಳಿಗೆ ಮರದ ಹಲಗೆ ಜಡಿದಿದ್ದಾರೆ. ಹಲಗೆಯ ಅಡಿ ಬೆರಳಾಡಿಸಿದರೆ ಮುಚ್ಚಿದ ತೂತುಗಳ ಸಾಲು ಸಿಗುತ್ತದೆ.

ನಾಲ್ಕನೆಯ ದಿನ ಪೂರ್ತಿ ಪ್ರಯಾಣ ಮತ್ತು ವಿಶ್ರಾಂತಿಗೆ ಇರಲಿ. ಸುಝೌ ಉತ್ತರ ನಿಲ್ದಾಣದಿಂದ ಬೀಜಿಂಗ್ ದಕ್ಷಿಣಕ್ಕೆ ವೇಗದ ರೈಲಿದೆ.

ಐದನೆಯ ದಿನ: ಬೀಜಿಂಗ್ ಅರಮನೆ

ನಿಷಿದ್ಧ ನಗರಿಗೆ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಏಳು ದಿನ ಮೊದಲೇ ಟಿಕೆಟ್ ಹಿಡಿಯಬೇಕು. ಸೋಮವಾರ ರಜೆ. ದಕ್ಷಿಣದ ಬಾಗಿಲಿನಿಂದ ಒಳಹೊಕ್ಕ ಜನ ನೇರ ಮುಂದಕ್ಕೆ ಹರಿಯುತ್ತಾರೆ. ಪೀಠೋಪಕರಣಕ್ಕೆ ಬಂದವರು ಎಡಕ್ಕೆ, ಪಶ್ಚಿಮದ ಮೂಲೆಯ ನಾನ್‌ದಾಕು ಉಗ್ರಾಣದ ಕಡೆ ತಿರುಗಿ. 2018ರಲ್ಲಿ ತೆರೆದ ಈ ಗ್ಯಾಲರಿಯಲ್ಲಿ ವಸ್ತುಗಳನ್ನು ಉಗ್ರಾಣದ ಮಾದರಿಯಲ್ಲೇ, ಹಂತಹಂತದ ಅಟ್ಟಣಿಗೆಯ ಮೇಲೆ ಇಟ್ಟಿದ್ದಾರೆ. ಅರಮನೆಯ ಸಂಗ್ರಹದಲ್ಲಿ ಆರು ಸಾವಿರಕ್ಕೂ ಹೆಚ್ಚು ಪೀಠೋಪಕರಣಗಳಿವೆ. ಮೇಲಿನ ಅಟ್ಟಣಿಗೆಯ ವಸ್ತುಗಳ ಅಡಿಭಾಗ ನಿಂತಲ್ಲಿಂದಲೇ ಕಾಣುತ್ತದೆ, ಈ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇರೆ ಬೇಕಿಲ್ಲ.

ಹದಿನೆಂಟನೇ ಶತಮಾನದ ಚಿಯಾನ್‌ಲಾಂಗ್ ಚಕ್ರವರ್ತಿಯ ಕಾಲದ ಕೆಲಸ ಇಲ್ಲಿ ರಾಶಿಯಾಗಿದೆ. ಗುವಾಂಗ್‌ಝೌ ಬಡಗಿಗಳು ಬಂದರಿನ ಊರಿನವರು, ಮರಕ್ಕೆ ಕೊರತೆ ಕಂಡವರಲ್ಲ. ಬಾಗಿದ ಕಾಲನ್ನೂ ದಪ್ಪ ದಿಮ್ಮಿಯಿಂದ ಒಂದೇ ತುಂಡಾಗಿ ಕೆತ್ತಿದರು. ಸುಝೌನವರು ಚೂರನ್ನೂ ಬಿಸಾಡದೆ ಸಣ್ಣ ತುಂಡು ಸೇರಿಸಿ ಮಾಡಿದರು. ಅರಮನೆಗೆ ಎರಡೂ ಕಡೆಯವರು ಬಂದರು. ಕೈಚಳಕ ಅಸಾಧಾರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒರಗಿನ ಹಲಗೆ ನೇರವಾಗಿ ಬಿಗಿದುಕೊಂಡಿರುವುದನ್ನೂ, ಬೆನ್ನಿಗೆ ತಾಗುವ ಕಡೆ ಉಬ್ಬುಕೆತ್ತನೆ ಇರುವುದನ್ನೂ ನೋಡಿದಾಗ ಇದು ಕೂರಲಿಕ್ಕೆ ಮಾಡಿದ್ದಲ್ಲ ಎನಿಸುತ್ತದೆ. ಶಾಂಘೈಯ ಕುರ್ಚಿಯ ಒರಗು ಬೆನ್ನುಮೂಳೆಯ ಡೊಂಕಿಗೆ ಸರಿಯಾಗಿ ಬಾಗಿತ್ತು. ನಮ್ಮ ಒಲವು ಅದರ ಕಡೆಗೇ.

ದುಂಡುಮೂಲೆಯ ಬೀರುವೊಂದರ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಇದರ ಬಾಗಿಲಿಗೆ ಲೋಹದ ಬಿಜಾಗರಿ ಇಲ್ಲ. ಬಾಗಿಲ ಪಕ್ಕದ ಪಟ್ಟಿಯೇ ಮೇಲೂ ಕೆಳಗೂ ಗೂಟವಾಗಿ ಚಾಚಿಕೊಂಡು ಕುಳಿಯಲ್ಲಿ ತಿರುಗುತ್ತದೆ. ಮೇಲಿನ ಕುಳಿಗೆ ಜಾಗ ಬೇಕೆಂದೇ ಬೀರುವಿನ ತಲೆ ಪಕ್ಕಕ್ಕೆ ಚಾಚಿದೆ. ಕಾಲುಗಳು ಕೆಳಗೆ ಹೋಗುತ್ತ ಹೊರಕ್ಕೆ ಸರಿಯುವುದರಿಂದ ಬಾಗಿಲೂ ತುಸು ಓರೆ, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಬಾಗಿಲನ್ನು ಮೇಲಕ್ಕೆತ್ತಿ ಕೆಳಗಿನ ಗೂಟ ಬಿಡಿಸಿದರೆ ಇಡೀ ಬಾಗಿಲು ಕೈಗೆ ಬರುತ್ತದೆ. ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿದ್ದರೆ ಕಾಲಿನ ತುದಿ ಕೊಳೆತು ಅಸಮವಾಗಿ ಕತ್ತರಿಸಿದ್ದಾರೆ ಎಂದು ಅನುಮಾನಿಸಿ.

ಯಾಂಗ್‌ಶಿನ್ ಅರಮನೆಯ ಸಾನ್‌ಶಿತಾಂಗ್ ಚಿಯಾನ್‌ಲಾಂಗ್ ಚಕ್ರವರ್ತಿಯ ಓದುಕೋಣೆ. ಕೇವಲ 8 ಚದರ ಮೀಟರಿನಷ್ಟು. ಅಷ್ಟು ದೊಡ್ಡ ಅರಮನೆಯ ಒಡೆಯ ಓದಲಿಕ್ಕೆ ಬಯಸಿದ್ದು ಇಷ್ಟು ಜಾಗ.

ಆರನೆಯ ದಿನ: ರಕ್ತಚಂದನದ ಬೆನ್ನುಹತ್ತಿ

ಮೆಟ್ರೊ 1ನೇ ಮಾರ್ಗದಲ್ಲಿ ಪೂರ್ವಕ್ಕೆ ಹೋಗಿ ಗಾವೊಬೈದಿಯಾನ್‌ನಲ್ಲಿ ಇಳಿದರೆ 1999ರಲ್ಲಿ ತೆರೆದ ಚೀನಾ ರಕ್ತಚಂದನ ಮ್ಯೂಸಿಯಂ ಹತ್ತಿರ. ನಿಷಿದ್ಧ ನಗರಿಯ ಮೂಲೆಗೋಪುರವನ್ನೇ ಚಿಕ್ಕದಾಗಿ ಈ ಮರದಲ್ಲಿ ಕಟ್ಟಿಟ್ಟಿದ್ದಾರೆ. ಇಷ್ಟೂ ಮರದ ತವರು ನಮ್ಮ ಪಕ್ಕದ ಶೇಷಾಚಲ ಬೆಟ್ಟ, ಕಡಪ, ಚಿತ್ತೂರು. ಪೂರ್ವಘಟ್ಟದ ದಕ್ಷಿಣ ಭಾಗ ಬಿಟ್ಟರೆ ಇದು ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ನಿಧಾನವಾಗಿ ಬಲಿಯುವ ಮರ. ಚೇಗು ನೀರಿನಲ್ಲಿ ಮುಳುಗುವಷ್ಟು ಭಾರ. ದೊಡ್ಡ ಮರದ ಒಡಲು ಬಹುಪಾಲು ಟೊಳ್ಳು, ಹತ್ತರಲ್ಲಿ ಒಂಬತ್ತು ಪೊಳ್ಳೆಂದು ಚೀನೀ ಬಡಗಿಗಳ ಗಾದೆಯೇ ಇದೆ. ಹಾಗಾಗಿ ಅಗಲವಾದ ಒಂದೇ ಹಲಗೆ ಕಂಡರೆ ಬೆರಗಿಗಿಂತ ಮೊದಲು ಅನುಮಾನ ಬರಲಿ.

ಗಾವೊಬೈದಿಯಾನ್‌ನ ಪೀಠೋಪಕರಣ ಬೀದಿ ನಡೆದು ಹೋಗುವಷ್ಟು ದೂರ. ಅಂಗಡಿಗಳಲ್ಲಿ ಹೆಚ್ಚಿನದು ಹೊಸ ಕೆಲಸ. ರಕ್ತಚಂದನವೆಂದು ಮಡಗಾಸ್ಕರ್‌ನ ದಾಲ್ಬರ್ಜಿಯಾ ಜಾತಿಯ ಮರವನ್ನೂ, ಆಫ್ರಿಕಾದ ಕೆಂಪು ಹೊನ್ನೆಯನ್ನೂ ಮಾರುವುದುಂಟು. ನಿಜವಾದದ್ದರ ಚೂರನ್ನು ಮದ್ಯಸಾರದಲ್ಲಿ ಅದ್ದಿದರೆ ಕೆಂಪು ಬಿಡುತ್ತದೆ. ಆದರೆ ಆಫ್ರಿಕಾದ ಸೋದರ ಜಾತಿಯೂ ಬಣ್ಣ ಬಿಡುವುದರಿಂದ ಅದೊಂದೇ ಸಾಲದು. ಮೈಮೇಲೆ ಕೂದಲೆಳೆಯಂತೆ ಸುರುಳಿಗೊಂಡ ಸಣ್ಣ ರಂಧ್ರಗಳು, ಕೈಗೆ ಸಿಗುವ ತೂಕ ಇವನ್ನೂ ಕೂಡಿಸಿ ನೋಡಬೇಕು. ದೊಡ್ಡ ಹಣದ ಮಾತಾದರೆ ಪ್ರಯೋಗಾಲಯದ ವರದಿಯೇ ಸೈ. ಹೈನಾನ್‌ನ ಹುವಾಂಗ್‌ಹುವಾಲಿ ಇನ್ನೊಂದು ದುಬಾರಿ ಮರ, ಹೊಂಬಣ್ಣದ್ದು, ಕೆರೆದರೆ ಪರಿಮಳ. ನಮ್ಮ ಮಲೆನಾಡಿನ ಬೀಟೆ ಅದೇ ದಾಲ್ಬರ್ಜಿಯಾ ಕುಲದ್ದು. ಚೀನಾದ ಹಾಂಗ್‌ಮು (ಬೆಲೆಬಾಳುವ ಗಟ್ಟಿಮರ) ಮಾನದಂಡದ ಪಟ್ಟಿಯಲ್ಲಿ ಬೀಟೆಯ ಹೆಸರೂ ಇದೆ. 2000ದಲ್ಲಿ 33 ಜಾತಿಗಳಿದ್ದ ಆ ಪಟ್ಟಿ 2017ರ ಪರಿಷ್ಕರಣೆಯಲ್ಲಿ 29ಕ್ಕೆ ಇಳಿಯಿತು.

ಹಳೆಯದು ಎಂದು ತೋರಿಸಿದರೆ ತಲೆಕೆಳಗು ಮಾಡಿಸಿ. ಅಡಿಭಾಗಕ್ಕೆ ನಾರುಬಟ್ಟೆ, ಬೂದಿ, ಲ್ಯಾಕರ್ ಸೊನೆಯ ಹಳೆಯ ಲೇಪ ಇದ್ದರೆ ಅದು ಬಲೆಬಲೆಯಾಗಿ ಬಿರಿದಿರಬೇಕು. ಕಮಾನಿನಂತೆ ಬಾಗಿದ ಗರಗಸದ ಗೆರೆ ಕಂಡರೆ ಯಂತ್ರದ ಚಕ್ರಗರಗಸ. ಜೋಡಿ ಕುರ್ಚಿಗಳ ಒರಗಿನ ಎಳೆ ಒಂದಕ್ಕೊಂದು ಹೊಂದದಿದ್ದರೆ ಬೇರೆಬೇರೆ ಕುರ್ಚಿಗಳನ್ನು ಜೋಡಿ ಮಾಡಿರಬಹುದು. ಆಸನ 45 ಸೆಂ.ಮೀ.ಗೆ ಇಳಿದು, ಮುಂದಿನ ಅಡ್ಡಪಟ್ಟಿ ನೆಲಕ್ಕೆ ತಾಗಿದಂತಿದ್ದರೆ ಕಾಲು ಕತ್ತರಿಸಿದ್ದಾರೆ. ಹಳೆಯ ಮಂಚದ ಮರದಿಂದ ಹೊಸ ಕುರ್ಚಿ ಮಾಡಿದ್ದರೆ ಸಂಬಂಧವಿಲ್ಲದ ಜಾಗದಲ್ಲಿ ಮುಚ್ಚಿದ ಕುಳಿ ಸಿಗುತ್ತದೆ. ಮರ ಹಳೆಯದು, ಕುರ್ಚಿ ಹಳೆಯದಲ್ಲ.

ಕೊನೆಯ ದಿನ: ಕೊಳ್ಳುವುದು, ತರುವುದು

ಚೀನಾದಿಂದ 1911ಕ್ಕೆ ಹಿಂದಿನ ವಸ್ತುಗಳನ್ನು ಹೊರಗೆ ಒಯ್ಯುವುದಕ್ಕೆ ನಿಷೇಧವಿದೆ. 1949ಕ್ಕೆ ಮೊದಲಿನವಕ್ಕೆ ಪರಿಶೀಲನೆ, ಅನುಮತಿ ಬೇಕು. ಎರಡು ಶತಮಾನದ ಹಳೆಯ ಕುರ್ಚಿಯನ್ನು ಹಡಗಿಗೆ ಹಾಕಿಸಿಕೊಡುತ್ತೇನೆ ಎನ್ನುವ ಅಂಗಡಿಯವನ ಮಾತು ಒಂದೋ ಸುಳ್ಳು, ಇಲ್ಲವೇ ಅಪರಾಧ. ಹೊಸದಾದರೂ, 2017ರ ಜನವರಿಯಿಂದ ದಾಲ್ಬರ್ಜಿಯಾ ಕುಲ ಪೂರ್ತಿಯಾಗಿ, ಅಳಿವಿನಂಚಿನ ಜೀವಜಾತಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. 2019ರ ತಿದ್ದುಪಡಿಯ ಪ್ರಕಾರ ಸಿದ್ಧವಸ್ತುವಿನಲ್ಲಿ ಆ ಮರದ ತೂಕ ಒಂದು ರವಾನೆಗೆ 10 ಕಿಲೋ ಒಳಗಿದ್ದರೆ ವಿನಾಯಿತಿ. ಮೀರಿದರೆ ಪರವಾನಗಿ ಬೇಕು. ರಕ್ತಚಂದನದ ವಿಷಯದಲ್ಲಿ ಭಾರತದ ಕಸ್ಟಮ್ಸ್ ಬಹಳ ಬಿಗಿ. ಆ ಮರದ ಏನನ್ನೂ ಚೀಲದಲ್ಲಿ ತರದಿರುವುದೇ ಕ್ಷೇಮ.

ಹಾಗಾಗಿ ತರಬಹುದಾದದ್ದು ಹೊಸ ಕೆಲಸದ ಸಣ್ಣ ವಸ್ತು: ಕುಂಚ ನಿಲ್ಲಿಸುವ ಕೊಳವೆ, ಕೀಲಿನ ಮಾದರಿ ತುಂಡುಗಳು, ಜಾರುಮುಚ್ಚಳದ ಪೆಟ್ಟಿಗೆ. ಬಿಲ್ಲಿನಲ್ಲಿ ಮರದ ಸಸ್ಯಶಾಸ್ತ್ರೀಯ ಹೆಸರು, ತೂಕ, ಮಾಡಿದ ವರ್ಷ ಬರೆಸಿಕೊಳ್ಳಿ. ಊರಿಗೆ ಬಂದ ಮೇಲೆ ಪ್ಲಾಸ್ಟಿಕ್ ಸುತ್ತು ಒಮ್ಮೆಲೇ ಬಿಚ್ಚಿ ಫ್ಯಾನಿನ ಕೆಳಗಿಡಬೇಡಿ. ಸಡಿಲ ಮಾಡಿ ಕೆಲವು ದಿನ ನೆರಳಿನಲ್ಲಿಡಿ. ಒಣ ಬೀಜಿಂಗಿನಲ್ಲಿ ಅಳತೆಗೆ ಕೂರಿಸಿದ ಪೆಟ್ಟಿಗೆಯ ಮುಚ್ಚಳ ಮಂಗಳೂರಿನ ಆಷಾಢದಲ್ಲಿ ಬಿಗಿದು ಕೂತರೆ ಅದನ್ನು ಕೆರೆಸಿ ಸಣ್ಣ ಮಾಡಿಸಬಾರದು. ಮಳೆ ಕಳೆದ ಮೇಲೆ ತಾನೇ ಜಾರುತ್ತದೆ. ಕೆರೆಸಿದ್ದರೆ ಬೇಸಿಗೆಗೆ ಲೊಡಲೊಡ ಅಲ್ಲಾಡುತ್ತಿರುತ್ತದೆ.